ಮುಚ್ಚಿದ ಕೋಣೆಯ ಬಾಗಿಲು ತಟ್ಟಿದವರು



ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಗಳನ್ನು ಓದುವ ಅಭ್ಯಾಸ ಇರುವವರಿಗೆ ಒಂದು ವಾಕ್ಯ ಚೆನ್ನಾಗಿ ಪರಿಚಿತ. 'ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಆರೋಪಿ ಬಾಯಿ ಬಿಟ್ಟ' ಎಂಬುದೇ ಆ ವಾಕ್ಯ. ಬರೆಯುವವರು ಅದನ್ನು ಸಲೀಸಾಗಿ ಬರೆಯುತ್ತಾರೆ. ಓದುವವರು ಅಷ್ಟೇ ಸಲೀಸಾಗಿ ಓದಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಆ 'ಶೈಲಿ' ಯಾವುದು ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ, ಏಕೆಂದರೆ ಅದು ಎಲ್ಲರಿಗೂ ಗೊತ್ತು. 'ಥರ್ಡ್ ಡಿಗ್ರಿ', 'ಏರೋಪ್ಲೇನ್ ಹತ್ತಿಸುವುದು' ಮುಂತಾದ ಮಾತುಗಳು ಸಿನಿಮಾಗಳಲ್ಲಿ ನಗೆ ಉಕ್ಕಿಸುವ ಸಂಭಾಷಣೆಗಳೂ ಆಗಿವೆ.

ಈ 'ಶೈಲಿ'ಗೆ ಕನ್ನಡದಲ್ಲಿ ಸರಿಯಾದ ಹೆಸರು ಚಿತ್ರಹಿಂಸೆ. 'ಚಿತ್ರ' ಎಂದರೆ ಬಗೆಬಗೆಯ, ವಿಚಿತ್ರವಾದ ಎಂದು ಅರ್ಥ. ಮನುಷ್ಯನ ಕಲ್ಪನಾಶಕ್ತಿ ಇನ್ನೊಬ್ಬ ಮನುಷ್ಯನ ನೋವಿನ ಮೇಲೆ ಹರಿದಾಗ ಏನಾಗುತ್ತದೆ ಎಂಬುದನ್ನು ಈ ಪದ ಅಡಗಿಸಿಕೊಂಡಿದೆ. ಇದನ್ನು ತಡೆಯಬೇಕೆಂದು ಜಗತ್ತಿನ ದೇಶಗಳು ಒಟ್ಟಾಗಿ ಮಾಡಿದ ಪ್ರಯತ್ನಗಳ ಕಥೆ ಬಹಳ ಹಳೆಯದೇನಲ್ಲ. ಅದರ ಮುಖ್ಯ ಭಾಗ ಕಳೆದ ಐವತ್ತು, ಅರವತ್ತು ವರ್ಷಗಳಲ್ಲಿ ನಡೆದದ್ದು. ಈ ಕಥೆಯಲ್ಲಿ ಕಾನೂನು, ನ್ಯಾಯಾಲಯ, ನಿರ್ಣಯಗಳು ಎಲ್ಲವೂ ಬರುತ್ತವೆ. ಆದರೆ ಇದನ್ನು ಬೇರೆ ದಾರಿಗೆ ತಿರುಗಿಸಿದ್ದು ಒಂದು ಸರಳ ವಿಚಾರ. ಹಿಂಸೆ ನಡೆಯುವುದು ಮುಚ್ಚಿದ ಕೋಣೆಯಲ್ಲಿ. ಆದ್ದರಿಂದ ಹೊರಗಿನವರು ಯಾವ ಹೊತ್ತಿನಲ್ಲಾದರೂ ಆ ಬಾಗಿಲನ್ನು ತಟ್ಟಿ ಒಳಗೆ ಹೋಗುವಂತಿರಬೇಕು. ಇದೇ ಆ ವಿಚಾರ.

ಹಿಂಸೆಯೇ ಕಾನೂನಾಗಿದ್ದ ಕಾಲ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಚಿತ್ರಹಿಂಸೆ ಹಿಂದೆ ಕದ್ದುಮುಚ್ಚಿ ನಡೆಯುತ್ತಿದ್ದ ಕೆಲಸವಾಗಿರಲಿಲ್ಲ. ಯೂರೋಪಿನ ಹಲವು ದೇಶಗಳಲ್ಲಿ ಅದು ನ್ಯಾಯಾಲಯದ ವಿಧಿವತ್ತಾದ ಕ್ರಮವೇ ಆಗಿತ್ತು. ಅಪರಾಧ ಸಾಬೀತಾಗಲು ತಪ್ಪೊಪ್ಪಿಗೆ ಬೇಕು. ತಪ್ಪೊಪ್ಪಿಗೆ ಬಾರದಿದ್ದರೆ ನ್ಯಾಯಾಧೀಶನ ಅಪ್ಪಣೆಯ ಮೇರೆಗೆ, ಗುಮಾಸ್ತನ ಸಮಕ್ಷಮದಲ್ಲಿ ಹಿಂಸೆ ನಡೆಯುತ್ತಿತ್ತು. ಕೂಗಿದ್ದು, ಹೇಳಿದ್ದು ಎಲ್ಲವೂ ದಾಖಲಾಗುತ್ತಿತ್ತು.

1740ರಲ್ಲಿ ಪ್ರಷ್ಯಾದ ಅರಸು ಎರಡನೆಯ ಫ್ರೆಡರಿಕ್ ಪಟ್ಟಕ್ಕೆ ಬಂದ ಕೆಲವೇ ದಿನಗಳಲ್ಲಿ, ಕೆಲವು ವಿನಾಯಿತಿಗಳನ್ನು ಇಟ್ಟುಕೊಂಡು, ಇದನ್ನು ನಿಲ್ಲಿಸಿದ. 1764ರಲ್ಲಿ ಇಟಲಿಯ ಮಿಲಾನಿನ ಚೆಸಾರೆ ಬೆಕಾರಿಯಾ ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತು ಒಂದು ಸಣ್ಣ ಪುಸ್ತಕ ಬರೆದ. ಆಗ ಅವನಿಗೆ ಇಪ್ಪತ್ತಾರು ವರ್ಷ. ಅವನ ವಾದ ಕರುಣೆಯ ಮೇಲಷ್ಟೇ ನಿಂತಿರಲಿಲ್ಲ, ಲೆಕ್ಕಾಚಾರದ ಮೇಲೂ ನಿಂತಿತ್ತು. ಗಟ್ಟಿ ಮೈಯ ಅಪರಾಧಿ ನೋವನ್ನು ತಡೆದುಕೊಂಡು ಪಾರಾಗುತ್ತಾನೆ. ಬಡಕಲು ಮೈಯ ನಿರಪರಾಧಿ ನೋವು ತಾಳಲಾರದೆ ಒಪ್ಪಿಕೊಂಡು ಗಲ್ಲಿಗೇರುತ್ತಾನೆ. ಹಾಗಾದರೆ ಹಿಂಸೆ ಅಳೆಯುವುದು ಸತ್ಯವನ್ನೋ ಮಾಂಸಖಂಡವನ್ನೋ? ಈ ಪ್ರಶ್ನೆಗೆ ಅಂದಿನ ನ್ಯಾಯಪಂಡಿತರ ಬಳಿ ಉತ್ತರವಿರಲಿಲ್ಲ. ಫ್ರಾನ್ಸ್ 1780ರಲ್ಲಿ ಒಂದು ಬಗೆಯ ನ್ಯಾಯಾಂಗ ಹಿಂಸೆಯನ್ನೂ 1788ರಲ್ಲಿ ಇನ್ನೊಂದನ್ನೂ ಕೈಬಿಟ್ಟಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಯೂರೋಪಿನ ಕಾನೂನು ಪುಸ್ತಕಗಳಿಂದ ಚಿತ್ರಹಿಂಸೆ ಬಹುಮಟ್ಟಿಗೆ ಮಾಯವಾಗಿತ್ತು.

ಪುಸ್ತಕದಿಂದ ಹೋದದ್ದು ಕೋಣೆಯಿಂದಲೂ ಹೋಯಿತೇ?

ಬಳ್ಳಾರಿ, ಕನ್ನಡ ಜಿಲ್ಲೆಗಳಿದ್ದ ಮದರಾಸು

ಇದಕ್ಕೆ ಉತ್ತರ ನಮ್ಮ ಕಡೆಯ ಒಂದು ದಾಖಲೆಯಲ್ಲೇ ಇದೆ. 1854ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಒಂದು ಆರೋಪ ಕೇಳಿಬಂತು. ಮದರಾಸು ಪ್ರಾಂತ್ಯದಲ್ಲಿ ಕಂದಾಯ ವಸೂಲಿಗಾಗಿ ರೈತರಿಗೆ ಚಿತ್ರಹಿಂಸೆ ಕೊಡಲಾಗುತ್ತಿದೆ ಎಂಬುದೇ ಆ ಆರೋಪ. ಇಂದಿನ ಕರ್ನಾಟಕದ ಬಳ್ಳಾರಿ ಸೀಮೆಯೂ ಉತ್ತರ, ದಕ್ಷಿಣ ಕನ್ನಡಗಳು ಒಂದಾಗಿದ್ದ ಅಂದಿನ ಕನ್ನಡ ಜಿಲ್ಲೆಯೂ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಆರೋಪದ ತನಿಖೆಗೆ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ ನೇಮಕವಾಯಿತು. ಆಯೋಗ ಅಲ್ಪ ಕಾಲವಷ್ಟೇ ಅಹವಾಲು ಕೇಳಿದರೂ ಬಂದ ದೂರುಗಳು ಸಾವಿರಕ್ಕೂ ಹೆಚ್ಚು. ನೂರಾರು ಮಂದಿ ಖುದ್ದಾಗಿ ಹಾಜರಾಗಿ ಹೇಳಿಕೆ ಕೊಟ್ಟರು. 1855ರ ಏಪ್ರಿಲ್‌ನಲ್ಲಿ ವರದಿ ಸಿದ್ಧವಾಯಿತು.

ಬೆರಳುಗಳನ್ನು ಅದುಮುವ 'ಕಿಟ್ಟಿ' ಎಂಬ ಮರದ ಇಕ್ಕುಳ, ತಲೆಯನ್ನು ಕಾಲಿಗೆ ಬಗ್ಗಿಸಿ ಹಗ್ಗದಲ್ಲಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವ ಕ್ರಮ, ಮೆಣಸಿನ ಪುಡಿಯ ಉಪಯೋಗ ಮುಂತಾದ ವಿವರಗಳನ್ನು ಆ ವರದಿ ಒಂದೊಂದಾಗಿ ದಾಖಲಿಸಿತು. ಎರಡು ವರ್ಷಗಳ ನಂತರ, 1857ರ ದಂಗೆಯ ದಿನಗಳಲ್ಲಿ, ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಭಾರತದ ಚಿತ್ರಹಿಂಸೆಯ ಬಗ್ಗೆ ಬರೆದಾಗ ಆಧಾರವಾಗಿ ಬಳಸಿದ್ದು ಈ ವರದಿಯನ್ನೇ.

ಆ ಕಾಲದ ಕಾನೂನಿನ ಮೇಲೂ ಈ ಅನುಭವದ ಗುರುತು ಕಾಣುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 330ನೆಯ ಕಲಮು ತಪ್ಪೊಪ್ಪಿಗೆ ಪಡೆಯಲು ನೋವುಂಟುಮಾಡುವುದನ್ನು ಏಳು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವೆಂದು ಸಾರಿತು. ಆ ಕಲಮಿನ ಕೆಳಗಿದ್ದ ಉದಾಹರಣೆಗಳಲ್ಲಿ ಪೊಲೀಸ್ ಅಧಿಕಾರಿಯ ಜತೆಗೆ ಕಂದಾಯದ ಬಾಕಿ ವಸೂಲಿಗೆ ಹಿಂಸಿಸುವ ಕಂದಾಯ ಅಧಿಕಾರಿಯೂ ಗೇಣಿಗಾಗಿ ಹಿಂಸಿಸುವ ಜಮೀನ್ದಾರನೂ ಇದ್ದರು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲೂ ಈ ಎರಡು ನಿಯಮಗಳು ಬೇರೆ ಸಂಖ್ಯೆ ಹೊತ್ತು ಉಳಿದುಕೊಂಡಿವೆ. ಪೊಲೀಸರಿಗೆ ಹೇಳಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಏಕೆ ನಂಬುವುದಿಲ್ಲ ಎಂದು ಯಾರಾದರೂ ಕೇಳಿದರೆ ಅದಕ್ಕೆ ಉತ್ತರದ ಒಂದು ಪಾಲು ಆ ಹಳೆಯ ವರದಿಯಲ್ಲಿದೆ.

ಅಂದರೆ ಹಿಂಸೆ ಅಪರಾಧವೆಂದು ನಮ್ಮ ಕಾನೂನು ಹೇಳಲು ಆರಂಭಿಸಿ ನೂರಅರವತ್ತು ವರ್ಷಗಳೇ ಮೀರಿವೆ. ಆದರೂ 'ತಮ್ಮದೇ ಶೈಲಿ' ಪತ್ರಿಕೆಯ ಭಾಷೆಯಲ್ಲಿ ಉಳಿದಿದೆ. ಕಾನೂನು ಬರೆಯುವುದು ಮೊದಲ ಮೆಟ್ಟಿಲು ಮಾತ್ರ ಎಂಬ ಪಾಠವನ್ನು ಜಗತ್ತು ಇನ್ನೂ ದೊಡ್ಡ ಪ್ರಮಾಣದಲ್ಲಿ ಕಲಿಯಬೇಕಾಗಿ ಬಂತು.

ಅಥೆನ್ಸಿನ ಪೊಲೀಸ್ ಕಟ್ಟಡ

ಎರಡನೆಯ ಮಹಾಯುದ್ಧದ ನಂತರ, 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಸಾರಿದ ಮಾನವ ಹಕ್ಕುಗಳ ಘೋಷಣೆಯ ಐದನೆಯ ವಿಧಿ ಚಿತ್ರಹಿಂಸೆಯನ್ನೂ ಕ್ರೂರ, ಅಮಾನವೀಯ ವರ್ತನೆಯನ್ನೂ ನಿಷೇಧಿಸಿತು. 1949ರ ಜಿನೀವಾ ಒಪ್ಪಂದಗಳು ಯುದ್ಧಕಾಲಕ್ಕೂ ಅದೇ ಮಾತನ್ನು ಅನ್ವಯಿಸಿದವು. ಯಾವ ದೇಶವೂ ಇದನ್ನು ಬಹಿರಂಗವಾಗಿ ವಿರೋಧಿಸಲಿಲ್ಲ. ಎಲ್ಲರೂ ಒಪ್ಪಿಕೊಂಡದ್ದೇ ಒಂದು ತೊಡಕಾಯಿತು. ಒಪ್ಪಿದವರು ಪಾಲಿಸುತ್ತಿದ್ದಾರೆಯೇ ಎಂದು ನೋಡುವವರೇ ಇರಲಿಲ್ಲ.

ಮೊದಲ ಪರೀಕ್ಷೆ ಗ್ರೀಸ್ ದೇಶದಲ್ಲಿ ಎದುರಾಯಿತು. 1967ರ ಏಪ್ರಿಲ್ 21ರಂದು ಅಲ್ಲಿ ಸೇನೆಯ ಕರ್ನಲ್‌ಗಳು ಅಧಿಕಾರ ಕಿತ್ತುಕೊಂಡರು. ಸಾವಿರಾರು ಮಂದಿ ಬಂಧನಕ್ಕೊಳಗಾದರು. ಅಥೆನ್ಸ್ ನಗರದ ಬುಬುಲಿನಾಸ್ ಬೀದಿಯ ಭದ್ರತಾ ಪೊಲೀಸ್ ಕಟ್ಟಡದಿಂದ ಹೊರಬಂದವರು ಅಂಗಾಲಿಗೆ ಬಡಿಯುವ 'ಫಲಂಗ' ಎಂಬ ಹಿಂಸೆಯ ಬಗ್ಗೆ ಹೇಳತೊಡಗಿದರು. ಅಂಗಾಲಿನ ಗಾಯ ಬೇಗ ಮಾಯುತ್ತದೆ, ಹೊರಗೆ ಗುರುತು ಹೆಚ್ಚು ಉಳಿಯುವುದಿಲ್ಲ, ನಡೆಯುವಾಗಿನ ನೋವು ಮಾತ್ರ ವರ್ಷಗಟ್ಟಲೆ ಉಳಿಯಬಲ್ಲದು.

ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್‌ಲ್ಯಾಂಡ್ಸ್ ದೇಶಗಳು ಸೇರಿ ಗ್ರೀಸ್ ವಿರುದ್ಧ ಯೂರೋಪಿನ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟವು. ತಮ್ಮ ಪ್ರಜೆಗಳಿಗೆ ಯಾವ ಕೇಡೂ ಆಗದಿದ್ದರೂ ಇನ್ನೊಂದು ದೇಶದ ಪ್ರಜೆಗಳಿಗಾಗಿ ನಾಲ್ಕು ದೇಶಗಳು ದೂರುದಾರರಾದದ್ದು ಅಪರೂಪದ ಸಂಗತಿ. 1969ರಲ್ಲಿ ಆಯೋಗದ ಸದಸ್ಯರು ಅಥೆನ್ಸಿಗೆ ಹೋಗಿ ಪೊಲೀಸ್ ಕಟ್ಟಡವನ್ನು ಪರಿಶೀಲಿಸಿದರು, ಸಾಕ್ಷಿಗಳ ಮಾತು ಕೇಳಿದರು. ಆದರೆ ಅವೆರೋಫ್ ಜೈಲಿಗೂ ಲೆರೋಸ್ ದ್ವೀಪದ ಶಿಬಿರಗಳಿಗೂ ಹೋಗಲು ಸರ್ಕಾರ ಬಿಡಲಿಲ್ಲ. ಕಂಡಷ್ಟರಲ್ಲೇ ಆಯೋಗ ತೀರ್ಮಾನಕ್ಕೆ ಬಂತು. ಹಿಂಸೆ ಯಾರೋ ಒಬ್ಬಿಬ್ಬರ ಅತಿರೇಕವಾಗಿರಲಿಲ್ಲ, ಅದೊಂದು ಆಡಳಿತ ಪದ್ಧತಿಯಾಗಿತ್ತು. ಹೊರಹಾಕುತ್ತಾರೆಂಬುದು ಖಚಿತವಾದಾಗ, ಡಿಸೆಂಬರ್ 12ರಂದು ಗ್ರೀಸ್ ತಾನಾಗಿಯೇ ಯೂರೋಪಿನ ಪರಿಷತ್ತಿನಿಂದ ಹೊರನಡೆಯಿತು.

1974ರಲ್ಲಿ ಕರ್ನಲ್‌ಗಳ ಆಡಳಿತ ಕುಸಿಯಿತು. ಮರುವರ್ಷ ಹಿಂಸಿಸಿದವರ ವಿಚಾರಣೆ ನಡೆದಾಗ ಒಂದು ಕಹಿ ಸತ್ಯ ಹೊರಬಿತ್ತು. ಮಿಲಿಟರಿ ಪೊಲೀಸ್ ದಳದಲ್ಲಿ ಹಿಂಸಕರಾಗಿದ್ದ ಹಲವರು ಹಳ್ಳಿಗಾಡಿನಿಂದ ಕಡ್ಡಾಯ ಸೇವೆಗೆ ಬಂದ ಸಾಮಾನ್ಯ ಹುಡುಗರು. ತರಬೇತಿಯ ಹೆಸರಿನಲ್ಲಿ ಮೊದಲು ಅವರನ್ನೇ ಹೊಡೆದು, ಅವಮಾನಿಸಿ, ಅಪ್ಪಣೆ ಬಂದರೆ ಪ್ರಶ್ನಿಸದಂತೆ ತಯಾರು ಮಾಡಲಾಗಿತ್ತು. ಹಿಂಸಕ ಹುಟ್ಟಿಬರುವುದಿಲ್ಲ, ಅವನನ್ನು ತಯಾರಿಸುವ ಕಾರ್ಖಾನೆಯೊಂದು ಇರುತ್ತದೆ ಎಂಬುದು ಆ ವಿಚಾರಣೆಯಿಂದ ತಿಳಿದುಬಂತು.

ಸಭಾಂಗಣ ಸಿಗದ ಸಮ್ಮೇಳನ

1972ರ ಡಿಸೆಂಬರ್‌ನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ ಚಿತ್ರಹಿಂಸೆಯನ್ನು ನಿರ್ಮೂಲ ಮಾಡುವ ಜಾಗತಿಕ ಆಂದೋಲನ ಆರಂಭಿಸಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಸಮ್ಮೇಳನ ನಡೆಯಬೇಕಿತ್ತು. ಅದಕ್ಕೆ ಮುನ್ನ ಸಂಸ್ಥೆ ಹತ್ತಾರು ದೇಶಗಳನ್ನು ಹೆಸರಿಸಿದ ವರದಿಯನ್ನು ಪ್ರಕಟಿಸಿತು. ಯುನೆಸ್ಕೊ ತನ್ನ ಸಭಾಂಗಣ ಕೊಡುವುದಾಗಿ ಹೇಳಿತ್ತು, ಆದರೆ ತನ್ನ ಸದಸ್ಯ ರಾಷ್ಟ್ರಗಳ ಹೆಸರು ಆ ವರದಿಯಲ್ಲಿ ಕಂಡಾಗ ಕೊನೆಗಳಿಗೆಯಲ್ಲಿ ಹಿಂದೆ ಸರಿಯಿತು. ಸಮ್ಮೇಳನ ಬೇರೆ ಜಾಗದಲ್ಲಿ ನಡೆಯಿತು. ಹಿಂಸೆಯನ್ನು ಸಾರಾಸಗಟಾಗಿ ಖಂಡಿಸುವುದು ಸುಲಭ, ಹೆಸರು ಹಿಡಿದು ಹೇಳುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅದೇ 1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಜನರಲ್ ಪಿನೊಶೆ ಅಧಿಕಾರ ಹಿಡಿದ. ಅಲ್ಲಿಂದ ಬಂದ ಸುದ್ದಿಗಳು ಜಗತ್ತನ್ನು ಬೆಚ್ಚಿಬೀಳಿಸಿದವು. 1975ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಮಹಾಸಭೆ ಚಿತ್ರಹಿಂಸೆಯ ವಿರುದ್ಧ ಪ್ರತ್ಯೇಕ ಘೋಷಣೆ ಹೊರಡಿಸಿತು. ಘೋಷಣೆಗೆ ಕಾನೂನಿನ ಬಲವಿಲ್ಲ ಎಂಬ ಕಾರಣಕ್ಕೆ ಒಡಂಬಡಿಕೆಯ ಕೆಲಸ ಶುರುವಾಯಿತು. 1978ರಲ್ಲಿ ಸ್ವೀಡನ್ ಕರಡನ್ನು ಮುಂದಿಟ್ಟಿತು. ವರ್ಷಗಳ ಜಗ್ಗಾಟದ ನಂತರ 1984ರ ಡಿಸೆಂಬರ್ 10ರಂದು ಮಹಾಸಭೆ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1987ರ ಜೂನ್ 26ರಂದು. ಜೂನ್ 26ನ್ನು ಹಿಂಸೆಗೆ ಒಳಗಾದವರ ಬೆಂಬಲದ ದಿನವಾಗಿ ಆಚರಿಸುವುದು ಈ ಕಾರಣಕ್ಕೆ.

ಒಡಂಬಡಿಕೆಯ ತಿರುಳನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಒಂದು, ಯುದ್ಧವಿರಲಿ, ತುರ್ತುಪರಿಸ್ಥಿತಿಯಿರಲಿ, ಯಾವ ಸನ್ನಿವೇಶವೂ ಹಿಂಸೆಗೆ ನೆಪವಾಗದು. ಮೇಲಧಿಕಾರಿಯ ಅಪ್ಪಣೆಯೂ ರಕ್ಷಣೆಯಾಗದು. ಎರಡು, ಹಿಂಸೆಗೆ ಗುರಿಯಾಗುವ ಅಪಾಯವಿರುವ ದೇಶಕ್ಕೆ ಯಾರನ್ನೂ ಗಡೀಪಾರು ಮಾಡಬಾರದು. ಮೂರು, ಹಿಂಸಿಸಿ ಪಡೆದ ಹೇಳಿಕೆಯನ್ನು ಸಾಕ್ಷ್ಯವೆಂದು ಸ್ವೀಕರಿಸಬಾರದು. ನಾಲ್ಕು, ಹಿಂಸಕ ಯಾವ ದೇಶದವನೇ ಆಗಿರಲಿ, ತನ್ನ ನೆಲದಲ್ಲಿ ಸಿಕ್ಕರೆ ಆ ದೇಶ ಅವನನ್ನು ವಿಚಾರಣೆಗೆ ಒಳಪಡಿಸಬೇಕು ಇಲ್ಲವೇ ವಿಚಾರಿಸುವವರಿಗೆ ಒಪ್ಪಿಸಬೇಕು.

ನಾಲ್ಕನೆಯ ಮಾತು ಕೇವಲ ಕಾಗದದಲ್ಲಿ ಉಳಿಯಲಿಲ್ಲ. 1998ರ ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಚಿಕಿತ್ಸೆಗೆಂದು ಬಂದಿದ್ದ ಪಿನೊಶೆಯ ಬಂಧನವಾಯಿತು. ಮಾಜಿ ರಾಷ್ಟ್ರಾಧ್ಯಕ್ಷ ಎಂಬ ಪಟ್ಟ ಚಿತ್ರಹಿಂಸೆಯ ಆರೋಪಕ್ಕೆ ಗುರಾಣಿಯಾಗದು ಎಂದು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ 1999ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ಅನಾರೋಗ್ಯದ ಕಾರಣಕ್ಕೆ ಅವನನ್ನು ಕೊನೆಗೆ ಚಿಲಿಗೆ ಕಳಿಸಲಾಯಿತು. ಆದರೆ ಆ ತೀರ್ಪು ಬೇರೆಡೆ ಆಸೆ ಹುಟ್ಟಿಸಿತು. ಆಫ್ರಿಕಾದ ಚಾಡ್ ದೇಶದಲ್ಲಿ 1982ರಿಂದ 1990ರವರೆಗೆ ಆಳಿದ ಹಿಸೇನ್ ಹಾಬ್ರೆಯ ಜೈಲಿನಲ್ಲಿ ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಿಗ ಎರಡು ವರ್ಷಕ್ಕೂ ಹೆಚ್ಚು ಕಾಲ ಕೊಳೆತಿದ್ದ. ಬದುಕಿ ಹೊರಬಂದರೆ ನ್ಯಾಯ ಕೇಳುತ್ತೇನೆ ಎಂದು ಅಲ್ಲೇ ಸಂಕಲ್ಪ ಮಾಡಿದ್ದ. ಹೊರಬಂದ ಮೇಲೆ ನೂರಾರು ಸಹಕೈದಿಗಳ ಹೇಳಿಕೆಗಳನ್ನು ಸಂಗ್ರಹಿಸಿ ಬಚ್ಚಿಟ್ಟ. ಆ ಕಾಗದಗಳು ಮೊಕದ್ದಮೆಗೆ ಬುನಾದಿಯಾದವು. 2016ರ ಮೇ 30ರಂದು ಸೆನೆಗಲ್‌ನ ಡಕಾರ್ ನಗರದ ವಿಶೇಷ ನ್ಯಾಯಾಲಯ ಹಾಬ್ರೆಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಜಿನೀವಾದ ಬ್ಯಾಂಕರನ ಯೋಚನೆ

ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಇವೆಲ್ಲದರಲ್ಲೂ ಒಂದು ಕೊರತೆಯಿದೆ. ಖಂಡನೆ, ದೂರು, ತನಿಖೆ, ಶಿಕ್ಷೆ ಎಲ್ಲವೂ ಬರುವುದು ಹಿಂಸೆ ನಡೆದ ಮೇಲೆ. ಕೆಲವೊಮ್ಮೆ ಇಪ್ಪತ್ತೈದು ವರ್ಷಗಳ ಮೇಲೆ. ನಡೆಯುವ ಮೊದಲೇ ತಡೆಯುವುದು ಹೇಗೆ?

ಈ ಪ್ರಶ್ನೆಯನ್ನು ಹಿಡಿದು ಕೂತವನು ಜಿನೀವಾದ ಜಾನ್ ಜಾಕ್ ಗೋತಿಯೆ. ಅವನು ಸರ್ಕಾರದವನಲ್ಲ. ಕಾನೂನು ಓದಿದ ಬ್ಯಾಂಕರ್. ವೃತ್ತಿ ಬಿಟ್ಟು ಈ ಕೆಲಸಕ್ಕೆ ನಿಂತ. ಅವನ ಕಣ್ಣಿಗೆ ಬಿದ್ದದ್ದು ತನ್ನದೇ ಊರಿನ ರೆಡ್‌ಕ್ರಾಸ್ ಸಮಿತಿಯ ಕೆಲಸ. ರೆಡ್‌ಕ್ರಾಸ್ ಪ್ರತಿನಿಧಿಗಳು ಯುದ್ಧಕೈದಿಗಳನ್ನು ಕಂಡು, ಕಾವಲುಗಾರರನ್ನು ದೂರವಿಟ್ಟು ಒಬ್ಬೊಬ್ಬರೊಡನೆ ಮಾತನಾಡುತ್ತಿದ್ದರು. ಅವರು ಭೇಟಿ ಕೊಡುವ ಕಡೆ ಕೈದಿಗಳ ಸ್ಥಿತಿ ಸುಧಾರಿಸುತ್ತಿತ್ತು. ಹೊರಗಿನವರು ಮತ್ತೆ ಬರುತ್ತಾರೆ ಎಂಬ ಅರಿವೇ ಎತ್ತಿದ ಕೈಯನ್ನು ತಡೆಯುತ್ತಿತ್ತು. ಯುದ್ಧಕೈದಿಗಳಿಗೆ ಸಿಗುವ ಈ ರಕ್ಷಣೆ ಶಾಂತಿಕಾಲದಲ್ಲಿ ಠಾಣೆಯ ಲಾಕಪ್ಪಿನಲ್ಲಿ ಕೂತ ಸಾಮಾನ್ಯ ಬಂಧಿತನಿಗೆ ಏಕಿಲ್ಲ?

1976ರಲ್ಲಿ ಗೋತಿಯೆ ತನ್ನ ಪ್ರಸ್ತಾಪವನ್ನು ಬರೆದು ಪ್ರಕಟಿಸಿದ. 1977ರಲ್ಲಿ ಸಮಿತಿಯೊಂದನ್ನು ಕಟ್ಟಿದ. ಪ್ರಸ್ತಾಪ ಸರಳವಾಗಿತ್ತು. ಸರ್ಕಾರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಸ್ವತಂತ್ರ ತಜ್ಞರ ಸಮಿತಿಯೊಂದು ಆ ದೇಶಗಳ ಜೈಲು, ಠಾಣೆ, ಮಾನಸಿಕ ಆಸ್ಪತ್ರೆ, ಯಾವುದನ್ನೇ ಆಗಲಿ, ಯಾವ ಹೊತ್ತಿನಲ್ಲೇ ಆಗಲಿ ನೋಡಬಹುದು. ಕಂಡದ್ದನ್ನು ಮೊದಲು ಸರ್ಕಾರಕ್ಕೆ ಗುಟ್ಟಾಗಿ ತಿಳಿಸಬೇಕು. ಸರ್ಕಾರ ಸಹಕರಿಸಿದರೆ ವರದಿ ಗುಟ್ಟಾಗಿಯೇ ಇರುತ್ತದೆ. ಸಹಕರಿಸದಿದ್ದರೆ ಜಗತ್ತಿಗೆ ಸಾರಲಾಗುತ್ತದೆ.

1980ರಲ್ಲಿ ಪುಟ್ಟ ದೇಶ ಕೋಸ್ಟರಿಕ ಈ ಪ್ರಸ್ತಾಪವನ್ನು ವಿಶ್ವಸಂಸ್ಥೆಯಲ್ಲಿ ಮಂಡಿಸಿತು. ಮುಖ್ಯ ಒಡಂಬಡಿಕೆಗೆ ಇದರಿಂದ ಅಡ್ಡಿಯಾಗಬಾರದೆಂದು ಇದನ್ನು ಬೇರೆಯೇ ಆದ ಐಚ್ಛಿಕ ಪೂರಕ ಒಪ್ಪಂದವಾಗಿ ಇಡಲಾಯಿತು. ಆಗ ಮೂಲೆಗೆ ಸೇರಿದ ಕಡತ ಮೇಲೇಳಲು ಇಪ್ಪತ್ತೆರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಯೂರೋಪಿನ ದೇಶಗಳು ಮುಂದೆ ಬಂದವು. 1987ರಲ್ಲಿ ಯೂರೋಪಿನ ಪರಿಷತ್ತು ಇದೇ ಮಾದರಿಯ ಒಪ್ಪಂದ ಮಾಡಿಕೊಂಡಿತು, 1989ರಲ್ಲಿ ಅದು ಜಾರಿಗೆ ಬಂತು. ಗೋತಿಯೆ ಅದನ್ನು ನೋಡಲಿಲ್ಲ. ಅವನು 1986ರಲ್ಲೇ ತೀರಿಕೊಂಡಿದ್ದ.

ಎಂಟು ಪಟ್ಟಿಗಳ ಮಂಚ

ಬಾಗಿಲು ತಟ್ಟುವುದರಿಂದ ಏನಾಗುತ್ತದೆ ಎಂಬುದಕ್ಕೆ ಟರ್ಕಿಯ ಪ್ರಸಂಗ ಸಾಕು. ಯೂರೋಪಿನ ಈ ಸಮಿತಿ 1990 ಮತ್ತು 1991ರಲ್ಲಿ ಅಲ್ಲಿಗೆ ಭೇಟಿ ಕೊಟ್ಟಿತ್ತು. ಅಂಕಾರಾ ಪೊಲೀಸ್ ಕೇಂದ್ರದಲ್ಲಿ ತಮ್ಮನ್ನು ಒಂದು ತಗ್ಗು ಮಂಚಕ್ಕೆ ಬಿಗಿದು ವಿದ್ಯುತ್ ಆಘಾತ ಕೊಟ್ಟರು ಎಂದು ಬಂಧಿತರು ಹೇಳುತ್ತಿದ್ದರು. ಸರ್ಕಾರ ಎಂದಿನಂತೆ ನಿರಾಕರಿಸುತ್ತಿತ್ತು. ಮುಂದಿನ ಭೇಟಿಯಲ್ಲಿ ಸಮಿತಿಯವರು ಆ ಕಟ್ಟಡದ ಕೋಣೆಯೊಂದರಲ್ಲಿ ಅಂಥದೇ ಮಂಚವನ್ನು ಕಂಡರು. ಎರಡೂ ಬದಿಗೆ ನಾಲ್ಕು ನಾಲ್ಕರಂತೆ ಎಂಟು ಪಟ್ಟಿಗಳಿದ್ದವು. ಬಾಗಿಲ ಮೇಲಿನ ಫಲಕದ ಪ್ರಕಾರ ಅದು ಮಾತುಕತೆಯ ಕೋಣೆ. ಆ ಮಂಚ ಅಲ್ಲೇಕೆ ಇದೆ ಎಂಬುದಕ್ಕೆ ನಂಬುವಂಥ ವಿವರಣೆ ಯಾರೂ ಕೊಡಲಿಲ್ಲ. ದಿಯಾರ್‌ಬಕಿರ್‌ನಲ್ಲಿ ಭಾರದ ಬೀರುಗಳ ಮೇಲೆ ಅಡ್ಡಲಾಗಿ ಬಿಗಿದ ಮೂರು ಮೀಟರ್ ಉದ್ದದ ಮರದ ತೊಲೆ ಸಿಕ್ಕಿತು. ತೋಳು ಕಟ್ಟಿ ನೇತುಹಾಕಲು ಅದು ಸಿದ್ಧವಾಗಿತ್ತು. 1992ರ ಡಿಸೆಂಬರ್‌ನಲ್ಲಿ ಸಮಿತಿ ತನ್ನ ಮೌನ ಮುರಿದು ಇದನ್ನೆಲ್ಲ ಬಹಿರಂಗ ಹೇಳಿಕೆಯಲ್ಲಿ ಪ್ರಕಟಿಸಿತು.

ಬಂಧಿತನ ಮಾತು ಒಂದು ಕಡೆ, ಅಧಿಕಾರಿಯ ಮಾತು ಇನ್ನೊಂದು ಕಡೆ ಇದ್ದಾಗ ಜಗತ್ತು ಸಾಮಾನ್ಯವಾಗಿ ಅಧಿಕಾರಿಯನ್ನು ನಂಬುತ್ತದೆ. ಆ ದಿನ ಮಂಚವೇ ಸಾಕ್ಷಿ ಹೇಳಿತು.

ಮೈಯೂ ಸಾಕ್ಷಿ ಹೇಳಬಲ್ಲದು, ಓದಬಲ್ಲವರು ಬೇಕು ಅಷ್ಟೆ. ಡೆನ್ಮಾರ್ಕಿನ ವೈದ್ಯೆ ಇಂಗೆ ಗೆನೆಫ್ಕೆ 1974ರಿಂದಲೇ ಸಹವೈದ್ಯರೊಡನೆ ಹಿಂಸೆಗೊಳಗಾದವರನ್ನು ಪರೀಕ್ಷಿಸುವ ಕೆಲಸ ಕೈಗೊಂಡರು. 1982ರಲ್ಲಿ ಕೋಪನ್‌ಹೇಗನ್ನಿನಲ್ಲಿ ಚಿಕಿತ್ಸಾ ಕೇಂದ್ರ ತೆರೆಯಿತು. ನಿದ್ದೆಗೆಡುವುದು, ನೆನಪು ಕೈಕೊಡುವುದು, ದಂತವೈದ್ಯರ ಕುರ್ಚಿ ಕಂಡರೂ ನಡುಗುವುದು ಇವೆಲ್ಲ ಹಿಂಸೆಯ ಉಳಿಕೆಗಳು ಎಂಬುದು ಇಂಥ ಕೇಂದ್ರಗಳ ಅನುಭವದಿಂದ ವೈದ್ಯಶಾಸ್ತ್ರಕ್ಕೆ ಸ್ಪಷ್ಟವಾಯಿತು. 1999ರಲ್ಲಿ ಸಿದ್ಧವಾದ 'ಇಸ್ತಾಂಬುಲ್ ಪ್ರೊಟೊಕಾಲ್' ಎಂಬ ಕೈಪಿಡಿ, ಹಿಂಸೆಯ ಗುರುತುಗಳನ್ನು ವೈದ್ಯರು ಹೇಗೆ ದಾಖಲಿಸಬೇಕು ಎಂದು ವಿವರಿಸುತ್ತದೆ. 2022ರಲ್ಲಿ ಅದನ್ನು ಪರಿಷ್ಕರಿಸಲಾಗಿದೆ.

ಕೋಸ್ಟರಿಕದ ಕಡತಕ್ಕೆ 2002ರ ಡಿಸೆಂಬರ್ 18ರಂದು ಮುಕ್ತಿ ಸಿಕ್ಕಿತು. ಮಹಾಸಭೆಯಲ್ಲಿ 127 ದೇಶಗಳು ಪರವಾಗಿ, 4 ದೇಶಗಳು ವಿರುದ್ಧವಾಗಿ ಮತ ಹಾಕಿದವು. ವಿರೋಧಿಸಿದವರಲ್ಲಿ ಅಮೆರಿಕವೂ ಇತ್ತು. 2006ರಲ್ಲಿ ಪೂರಕ ಒಪ್ಪಂದ ಜಾರಿಗೆ ಬಂದು, ಇಂದು 90ಕ್ಕೂ ಹೆಚ್ಚು ದೇಶಗಳು ಅದಕ್ಕೆ ಸೇರಿವೆ. ವಿಶ್ವಸಂಸ್ಥೆಯ 25 ಮಂದಿಯ ಉಪಸಮಿತಿ ಈ ದೇಶಗಳಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ದೇಶವೂ ಹೀಗೆ ಭೇಟಿ ಕೊಡುವ ತನ್ನದೇ ಸ್ವತಂತ್ರ ಸಂಸ್ಥೆಯೊಂದನ್ನು ಇಟ್ಟುಕೊಳ್ಳಬೇಕು. ಜಿನೀವಾದಿಂದ ಬರುವವರು ವರ್ಷಗಳಿಗೊಮ್ಮೆ ಬಂದಾರು, ಊರಿನವರು ವಾರವಾರವೂ ಬರಬಲ್ಲರು.

ಇದರಿಂದ ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. 2023ರ ಫೆಬ್ರುವರಿಯಲ್ಲಿ ಉಪಸಮಿತಿ ಆಸ್ಟ್ರೇಲಿಯಾ ಭೇಟಿಯನ್ನೇ ರದ್ದುಪಡಿಸಿತು, ಏಕೆಂದರೆ ಅಲ್ಲಿನ ಕೆಲವು ರಾಜ್ಯಗಳು ಬಂಧನದ ಸ್ಥಳಗಳಿಗೆ ಪೂರ್ಣ ಪ್ರವೇಶ ಕೊಟ್ಟಿರಲಿಲ್ಲ. ಗುಟ್ಟಿನ ವರದಿಗೂ ಮಿತಿಯಿದೆ. ಇರಾಕಿನ ಅಬು ಗ್ರೈಬ್ ಜೈಲಿಗೆ ರೆಡ್‌ಕ್ರಾಸ್ ಪ್ರತಿನಿಧಿಗಳು 2003ರ ಅಕ್ಟೋಬರ್‌ನಲ್ಲೇ ಹೋಗಿ, ಕಂಡದ್ದನ್ನು ಅಮೆರಿಕದ ಅಧಿಕಾರಿಗಳಿಗೆ ತಿಳಿಸಿದ್ದರು. ಜಗತ್ತಿಗೆ ಅದು ಗೊತ್ತಾದದ್ದು 2004ರ ಏಪ್ರಿಲ್‌ನಲ್ಲಿ ಛಾಯಾಚಿತ್ರಗಳು ಹೊರಬಿದ್ದ ಮೇಲೆ.

ಹಿಂಸೆಯಿಂದ ಸತ್ಯ ಬರುತ್ತದೆಯೇ?

ಇಷ್ಟು ಕೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕಳ್ಳ, ಕೊಲೆಗಡುಕ, ಭಯೋತ್ಪಾದಕರ ಬಾಯಿ ಬಿಡಿಸಲು ಬೇರೆ ದಾರಿ ಯಾವುದು? ಪ್ರಾಮಾಣಿಕವಾಗಿ ಕೇಳುವ ಜನ ಬಹಳ ಇದ್ದಾರೆ. ಉತ್ತರ ಅನುಭವದಿಂದಲೇ ಬರಬೇಕು.

1974ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಬಾಂಬುಗಳು ಸಿಡಿದವು. ಬರ್ಮಿಂಗ್‌ಹ್ಯಾಮ್ ಒಂದರಲ್ಲೇ 21 ಮಂದಿ ಸತ್ತರು. ಪೊಲೀಸರು ಹಿಡಿದವರಲ್ಲಿ ಹಲವರು ಠಾಣೆಯಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ಹೊಡೆದು, ಬೆದರಿಸಿ ಬರೆಸಿಕೊಂಡದ್ದು ಎಂದು ಅವರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಗಿಲ್ಡ್‌ಫರ್ಡ್ ಪ್ರಕರಣದ ನಾಲ್ವರು 1989ರಲ್ಲೂ ಬರ್ಮಿಂಗ್‌ಹ್ಯಾಮ್ ಪ್ರಕರಣದ ಆರು ಮಂದಿ 1991ರಲ್ಲೂ ಬಿಡುಗಡೆಯಾದರು. ಶಿಕ್ಷೆ ನಿಲ್ಲುವಂಥದ್ದಲ್ಲ ಎಂದು ನ್ಯಾಯಾಲಯವೇ ಹೇಳಿತು. ಅಷ್ಟೂ ವರ್ಷ ನಿಜವಾದ ಅಪರಾಧಿಗಳನ್ನು ಯಾರೂ ಹುಡುಕುತ್ತಿರಲಿಲ್ಲ, ಏಕೆಂದರೆ ಪ್ರಕರಣ 'ಬಗೆಹರಿದಿತ್ತು'. ಬೆಕಾರಿಯಾ ಇನ್ನೂರು ವರ್ಷ ಮೊದಲು ಹೇಳಿದ್ದು ಅಕ್ಷರಶಃ ನಿಜವಾಯಿತು.

ಬ್ರಿಟಿಷ್ ಪೊಲೀಸರು 1990ರ ದಶಕದಲ್ಲಿ ವಿಚಾರಣೆಯ ಕ್ರಮವನ್ನೇ ಬದಲಾಯಿಸಿಕೊಂಡರು. ತಪ್ಪೊಪ್ಪಿಗೆಯ ಬೆನ್ನು ಹತ್ತುವ ಬದಲು ಮಾಹಿತಿ ಕಲೆಹಾಕುವುದು, ಪ್ರತಿ ಮಾತನ್ನೂ ಧ್ವನಿಮುದ್ರಿಸಿಕೊಳ್ಳುವುದು ರೂಢಿಯಾಯಿತು. 2021ರಲ್ಲಿ ಇಂಥ ವಿಚಾರಣೆಗೆ ಜಾಗತಿಕ ಸೂತ್ರಗಳು ಸಿದ್ಧವಾದವು. ಅವುಗಳಿಗೆ ಹುವಾನ್ ಮೆಂಡೆಜ್ ಅವರ ಹೆಸರಿಡಲಾಗಿದೆ. ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಈ ವಕೀಲರು 1970ರ ದಶಕದಲ್ಲಿ ಅರ್ಜೆಂಟೀನಾದ ಸೆರೆಯಲ್ಲಿ ಸ್ವತಃ ಹಿಂಸೆ ಅನುಭವಿಸಿದವರು.

ಭಾರತದ ಅರ್ಧ ಹೆಜ್ಜೆ

ಭಾರತ 1984ರ ಒಡಂಬಡಿಕೆಗೆ ಸಹಿ ಹಾಕಿದ್ದು 1997ರ ಅಕ್ಟೋಬರ್ 14ರಂದು. ಸಹಿಯ ನಂತರ ಬರಬೇಕಾದ ಸ್ಥಿರೀಕರಣ ಇಂದಿಗೂ ಆಗಿಲ್ಲ. ಒಡಂಬಡಿಕೆಯನ್ನು ಸ್ಥಿರೀಕರಿಸಿದ ದೇಶಗಳು 170ಕ್ಕೂ ಹೆಚ್ಚು. ನೇಪಾಳ 1991ರಲ್ಲಿ, ಶ್ರೀಲಂಕಾ 1994ರಲ್ಲಿ, ಬಾಂಗ್ಲಾದೇಶ 1998ರಲ್ಲಿ, ಪಾಕಿಸ್ತಾನ 2010ರಲ್ಲಿ ಸೇರಿದವು. ಸೇರಿದ ಮಾತ್ರಕ್ಕೆ ಅಲ್ಲೆಲ್ಲ ಹಿಂಸೆ ನಿಂತಿದೆ ಎಂದಲ್ಲ. ಆದರೆ ಆ ದೇಶಗಳು ವಿಶ್ವಸಂಸ್ಥೆಯ ಸಮಿತಿಯ ಮುಂದೆ ಉತ್ತರ ಕೊಡಲೇಬೇಕು.

2010ರ ಮೇ 6ರಂದು ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಸಮಿತಿ ಸುಧಾರಿಸಿ ಕೊಟ್ಟರೂ ಅದು ಕಾನೂನಾಗಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೆಯ ವರದಿಯಲ್ಲಿ ಒಡಂಬಡಿಕೆಯನ್ನು ಸ್ಥಿರೀಕರಿಸಬೇಕೆಂದು ಹೇಳಿ ಹೊಸ ಕರಡನ್ನೂ ಕೊಟ್ಟಿತು. ಅದೂ ಕರಡಾಗಿಯೇ ಉಳಿದಿದೆ.

ಸಂಸತ್ತು ನಿಂತಲ್ಲಿ ನ್ಯಾಯಾಲಯ ಮುಂದೆ ಹೋಗಿದೆ. ಲಾಕಪ್ ಸಾವುಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಉಲ್ಲೇಖಿಸಿ ಪಶ್ಚಿಮ ಬಂಗಾಳದ ಡಿ.ಕೆ. ಬಸು 1986ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದನ್ನೇ ಅರ್ಜಿಯೆಂದು ಭಾವಿಸಿದ ನ್ಯಾಯಾಲಯ 1996ರ ಡಿಸೆಂಬರ್ 18ರಂದು ಹನ್ನೊಂದು ನಿಯಮಗಳನ್ನು ವಿಧಿಸಿತು. ಬಂಧಿಸುವವರು ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು ಎಂಬುವು ಅವುಗಳಲ್ಲಿ ಕೆಲವು. 2010ರ ಮೇ 5ರಂದು 'ಸೆಲ್ವಿ ಮತ್ತು ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಒಂದು ಕಾಲಕ್ಕೆ ದೇಶದ ನಾನಾ ಭಾಗಗಳಿಂದ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಕರೆತರುತ್ತಿದ್ದುದು ಬೆಂಗಳೂರಿಗೆ ಎಂಬುದನ್ನು ಹಲವರು ಮರೆತಿರಲಾರರು. 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಕ್ಯಾಮೆರಾ ಇರಬೇಕೆಂಬ ಆದೇಶವೂ ಬಂತು.

ಅರ್ಧ ಹೆಜ್ಜೆಗೆ ದೇಶ ಬೆಲೆಯನ್ನೂ ತೆರುತ್ತಿದೆ. 1995ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದ ಆರೋಪಿ, ಡೆನ್ಮಾರ್ಕಿನ ಕಿಮ್ ಡೇವಿಯನ್ನು ಒಪ್ಪಿಸಬೇಕೆಂದು ಭಾರತ ಕೇಳುತ್ತ ಬಂದಿದೆ. ಭಾರತದಲ್ಲಿ ಅವನು ಹಿಂಸೆಗೆ ಗುರಿಯಾಗುವ ಅಪಾಯವಿದೆ ಎಂಬ ಕಾರಣಕ್ಕೆ ಅಲ್ಲಿನ ನ್ಯಾಯಾಲಯಗಳು 2011ರಲ್ಲೂ 2024ರಲ್ಲೂ ನಿರಾಕರಿಸಿದವು. ಲಾಕಪ್ಪಿನ ಬಡ ಆರೋಪಿಗೆ ಸಿಗದ ರಕ್ಷಣೆ, ಅದರ ಕೊರತೆಯಿಂದಲೇ, ವಿದೇಶದಲ್ಲಿರುವ ಆರೋಪಿಗೆ ಕವಚವಾಗಿದೆ.

ಬಾಗಿಲು ತಟ್ಟುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಜೈಲುಗಳಿಗೆ ಅಧಿಕಾರೇತರ ಸಂದರ್ಶಕರನ್ನು ನೇಮಿಸುವ ಪದ್ಧತಿ ಬ್ರಿಟಿಷರ ಕಾಲದ್ದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಜೈಲುಗಳನ್ನು ನೋಡುವ ಅಧಿಕಾರವಿದೆ. ಕಸ್ಟಡಿ ಸಾವನ್ನು 24 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ಆಯೋಗ 1993ರಲ್ಲೇ ಸೂಚಿಸಿದೆ. ಆದರೆ ಬಂಧನವಾದ ಮೊದಲ ಕೆಲವು ಗಂಟೆಗಳೇ ಅತ್ಯಂತ ಅಪಾಯದವು ಎಂಬುದು ಎಲ್ಲ ದೇಶಗಳ ಅನುಭವ. ಆ ಗಂಟೆಗಳು ಕಳೆಯುವುದು ಜೈಲಿನಲ್ಲಲ್ಲ, ತಾಲ್ಲೂಕು ಠಾಣೆಯ ಹಿಂದಿನ ಕೋಣೆಯಲ್ಲಿ. ರಾತ್ರಿ ಹತ್ತಕ್ಕೆ ಅಲ್ಲಿಗೆ ಹೋಗಿ 'ಒಳಗೆ ಯಾರಿದ್ದಾರೆ, ನೋಡಬೇಕು' ಎಂದು ಹೇಳಲು ಹಕ್ಕುಳ್ಳ ಸ್ವತಂತ್ರ ಸಂಸ್ಥೆ ನಮ್ಮಲ್ಲಿಲ್ಲ. ಒಡಂಬಡಿಕೆಯನ್ನು ಸ್ಥಿರೀಕರಿಸಿ, ಪೂರಕ ಒಪ್ಪಂದಕ್ಕೂ ಸೇರಿದರೆ ಅಂಥ ಸಂಸ್ಥೆಯನ್ನು ಕಟ್ಟುವುದು ಸರ್ಕಾರದ ಕರ್ತವ್ಯವಾಗುತ್ತದೆ.

ಅದು ಆಗುವವರೆಗೆ ಓದುಗರಿಗೂ ವರದಿಗಾರರಿಗೂ ಒಂದು ಸಣ್ಣ ಕೆಲಸವಿದೆ. 'ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ' ಎಂಬ ವಾಕ್ಯ ಮುಂದಿನ ಸಲ ಕಂಡಾಗ ಅಲ್ಲೇ ನಿಂತು ಕೇಳಬೇಕು: ಯಾವ ಠಾಣೆ, ಎಷ್ಟು ಹೊತ್ತು, ಮನೆಯವರಿಗೆ ತಿಳಿಸಿದ್ದು ಯಾವಾಗ, ವೈದ್ಯರು ನೋಡಿದರೇ, ಕ್ಯಾಮೆರಾ ನಡೆಯುತ್ತಿತ್ತೇ? ಈ ಐದು ಪ್ರಶ್ನೆಗಳನ್ನು ಕೇಳಲು ಯಾವ ಒಡಂಬಡಿಕೆಯೂ ಬೇಕಿಲ್ಲ.